ಇಪ್ಪತ್ತೊಂದು ಮನೆಯ ಅಕ್ಕಿ

ಬಂಗಾರಪೇಟೆಯಿಂದ ಕೆ.ಜಿ.ಎಫ್.ಗೆ ಹೋಗುವ ರಸ್ತೆಯ ಮಗ್ಗುಲಿನ ಹಳ್ಳಿಯಲ್ಲಿ ಸೀನಪ್ಪನ ಮನೆ. ಮೂರು ಸೀಮೆಹಸು, ಒಂದು ಎಮ್ಮೆ, ಬೋರ್‌ವೆಲ್ ನೀರಿನ ಕೆಳಗೆ ಒಂದೂವರೆ ಎಕರೆ. ಮಗ ಸುಧಾಕರ್ ನಸುಕಿನಲ್ಲಿ ಹಾಲು ಕರೆದು, ಕ್ಯಾನುಗಳನ್ನು ಬೈಕಿಗೆ ಕಟ್ಟಿಕೊಂಡು ಹೋಗಿ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸಗಾರರ ಸಾಲುಮನೆಗಳಾದ ಲೈನ್ ಮನೆಗಳಿಗೂ ರಾಬರ್ಟ್‌ಸನ್‌ಪೇಟೆಯ ಎರಡು ಹೋಟೆಲುಗಳಿಗೂ ಹಾಕಿ ಬರುತ್ತಿದ್ದ. ಸೊಸೆ ರಾಧ ಅಡಿಗೆ ಮನೆಯನ್ನೂ ಕೊಟ್ಟಿಗೆಯನ್ನೂ ನೋಡಿಕೊಳ್ಳುತ್ತಿದ್ದಳು. ಸೀನಪ್ಪನ ಹೆಂಡತಿ ಗಂಗರತ್ನಮ್ಮನಿಗೆ ಎರಡು ವರ್ಷದಿಂದ ಇದ್ದದ್ದು ಒಂದೇ ಕೆಲಸ, ಮಗಳು ಶ್ಯಾಮಲಳನ್ನು ನೋಡಿಕೊಳ್ಳುವುದು.

ಶ್ಯಾಮಲಳಿಗೆ ಮೂವತ್ತು ವರ್ಷ. ಊರಿನ ಹೆಂಗಸರ ರವಿಕೆಗಳೆಲ್ಲ ಅವಳ ಕೈಯಲ್ಲೇ ಹೊಲಿಗೆಯಾಗುತ್ತಿದ್ದವು. ಮದುವೆಯ ಮಾತು ನಡೆಯುತ್ತಿದ್ದಾಗ ಕಾಲು ಊದಿಕೊಂಡಿತು, ಆಮೇಲೆ ಮುಖ. ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿವೆ ಎಂದು ಡಾಕ್ಟರು ಹೇಳಿದರು. ಅಂದಿನಿಂದ ವಾರಕ್ಕೆ ಎರಡು ಸಲ ಅವಳನ್ನು ಕೋಲಾರಕ್ಕೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಿ ತರುತ್ತಿದ್ದರು. ಅವಳ ಸಾರಿಗೆ ಉಪ್ಪಿಲ್ಲ. ಸೊಪ್ಪು ಬೇಯಿಸಿದರೆ ನೀರು ಬಸಿದು ಚೆಲ್ಲಬೇಕು. ದಿನಕ್ಕೆ ಒಂದು ಸಣ್ಣ ಚೊಂಬು ನೀರು, ಅಷ್ಟೆ. ಬೇಸಿಗೆಯಲ್ಲಿ ಅವಳು ಆ ಚೊಂಬನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಬೆರಳು ಅದ್ದಿ ತುಟಿಗೆ ಸವರಿಕೊಳ್ಳುವುದನ್ನು ಕಂಡು ಮನೆಯವರು ತಾವು ನೀರು ಕುಡಿಯಲು ಹಿತ್ತಲಿಗೆ ಹೋಗುತ್ತಿದ್ದರು.

ಆಷಾಢದ ಕೊನೆಯಲ್ಲಿ ಒಂದು ದಿನ ಡಯಾಲಿಸಿಸ್ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಎದೆಯೊಳಗೂ ನೀರು ಸೇರುತ್ತಿದೆ, ಇನ್ನು ಹೇಗೋ ನೋಡೋಣ ಎಂದರು ಡಾಕ್ಟರು. ಆ ಸಂಜೆ ಗಂಗರತ್ನಮ್ಮ ಮಿಂದು ಬಂದು ತಿರುಪತಿ ತಿಮ್ಮಪ್ಪನ ಪಟದ ಮುಂದೆ ನಿಂತು ಹರಕೆ ಹೊತ್ತಳು. ಶ್ರಾವಣದ ನಾಲ್ಕು ಶನಿವಾರವೂ ಬೇಡುತ್ತೇನೆ, ಬೇಡಿದ ಅಕ್ಕಿಯಲ್ಲಿ ನಿನಗೆ ತಳಿಗೆ ಮಾಡಿ ಎಡೆ ಇಡುತ್ತೇನೆ, ಮಗಳನ್ನು ಉಳಿಸಿಕೊಡು ಎಂದಳು.

ಆ ಮನೆಗೆ ಇದು ಹೊಸದಲ್ಲ. ಸೀನಪ್ಪನ ಅಪ್ಪ ಮುದ್ರೆ ಹಾಕಿಸಿಕೊಂಡ ದಾಸಯ್ಯ. ಅವನ ಶಂಖ, ಜಾಗಟೆ ಇನ್ನೂ ನಡುಮನೆಯ ಗೂಟದಲ್ಲಿ ತೂಗುತ್ತಿದ್ದವು. ಬೇಡುವುದಕ್ಕೆ ಅವನು ಹೇಳಿಟ್ಟಿದ್ದ ಕಟ್ಟಳೆಗಳು ಗಂಗರತ್ನಮ್ಮನಿಗೆ ಬಾಯಿಪಾಠವಾಗಿದ್ದವು. ಹರಕೆ ಹೊತ್ತವರೇ ಬೇಡಬೇಕು. ಕಾಲಿಗೆ ಮೆಟ್ಟು ಇರಬಾರದು. ಶನಿವಾರಕ್ಕೆ ಇಪ್ಪತ್ತೊಂದು ಮನೆ, ಅದೂ ಮುಖಪರಿಚಯ ಇಲ್ಲದ ಕಡೆ. ಗುರುತಿದ್ದವರು ನಮ್ಮನ್ನು ನೋಡಿ ಕೊಡುತ್ತಾರೆ, ದೇವರನ್ನು ನೋಡಿ ಅಲ್ಲ. ಯಾವ ಜಾತಿ, ಯಾವ ಮತ ಎಂದು ಕೇಳಬಾರದು. ಎಷ್ಟು ಬಿತ್ತೆಂದು ಚೊಂಬಿನೊಳಗೆ ನೋಡಬಾರದು, ತಂದವರೇ ಅರಿಸಿನದ ಬಟ್ಟೆಗೆ ಸುರಿದು ಗಂಟು ಹಾಕಿ ದೇವರ ಬಳಿ ಇಡಬೇಕು. ಎಲ್ಲಕ್ಕಿಂತ ಮುಖ್ಯ, ಸ್ವಂತ ಮನೆಯ ಕಾಳು ಒಂದೂ ಅದರಲ್ಲಿ ಸೇರಬಾರದು. ಸೇರಿದರೆ ಅದು ಭಿಕ್ಷೆಯಲ್ಲ, ಹರಕೆಯೂ ಅಲ್ಲ.

ಮೊದಲನೆಯ ಶನಿವಾರ ಗಂಗರತ್ನಮ್ಮ ಹಿತ್ತಾಳೆ ಚೊಂಬಿಗೆ ಮೂರು ನಾಮ ಇಟ್ಟು, ಕೊರಳಿಗೆ ತುಳಸಿ ಸುತ್ತಿ, ಹಳದಿ ಸೀರೆ ಉಟ್ಟು ಹೊರಟಳು. ಹೊರಡುವಾಗ ಶಂಖ ಊದಬೇಕೆಂದು ಸೀನಪ್ಪ ಗೂಟದಿಂದ ಇಳಿಸಿ ಊದಿದ. ಉಸಿರು ಮಾತ್ರ ಹೊರಬಂತು, ಸದ್ದು ಬರಲಿಲ್ಲ. ಇನ್ನೊಂದು ಸಲ ಊದಿದ. ಕೊಟ್ಟಿಗೆಯಿಂದ ಎಮ್ಮೆ ತಲೆಯೆತ್ತಿ ನೋಡಿತು.

ಮಂಚದ ಮೇಲಿಂದ ಶ್ಯಾಮಲ ನಕ್ಕಳು. "ಸಾಕು ಬಿಡಪ್ಪ. ಎಮ್ಮೆ ಇನ್ನೇನೋ ಅಂದ್ಕಂಡಾತು."

ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸಿಳಿದು ಗಂಗರತ್ನಮ್ಮ ಮಾರ್ಕೆಟ್ಟಿನ ಹಿಂದಿನ ಬೀದಿಗಳಲ್ಲಿ ನಡೆದಳು. ಹುಟ್ಟಿದ ಲಾಗಾಯ್ತು ಯಾರ ಮುಂದೆಯೂ ಕೈ ಒಡ್ಡಿದವಳಲ್ಲ. ಮೊದಲನೆಯ ಮನೆಯ ಮುಂದೆ ಗೋವಿಂದ ಎನ್ನಲು ಬಾಯಿ ಬರಲಿಲ್ಲ. ಸುಮ್ಮನೆ ನಿಂತಿದ್ದಳು. ಒಳಗಿನಿಂದ ಒಬ್ಬಳು ಬಂದು, ಏನು ಬೇಕು, ಯಾರ ಮನೆ ಹುಡುಕುತ್ತಿದ್ದೀರಿ ಎಂದು ತಮಿಳಿನಲ್ಲಿ ಕೇಳಿದಳು. ಆಗ ಚೊಂಬು ಮುಂದೆ ಹಿಡಿದಳು. ಆ ಹೆಂಗಸು ಮರುಮಾತಿಲ್ಲದೆ ಒಳಗೆ ಹೋಗಿ ಹಿಡಿ ಅಕ್ಕಿ ತಂದು ಹಾಕಿ ಚೊಂಬಿಗೆ ಕೈಮುಗಿದಳು. ಐದನೆಯ ಮನೆಯ ಹೊತ್ತಿಗೆ ದನಿ ಬಂತು. ಒಂದು ಮನೆಯಲ್ಲಿ ಮುಂದೆ ಹೋಗಮ್ಮ ಎಂದರು. ಇನ್ನೊಂದರಲ್ಲಿ ಎರಡು ರೂಪಾಯಿ ಎಸೆದರು. ಅಕ್ಕಿಯೇ ಬೇಕೆಂದು ನಿಂತಾಗ ಬೈದರು.

ಆಂಡರ್ಸನ್‌ಪೇಟೆಯ ತಿರುವಿನಲ್ಲಿ ಮಸ್ತಾನ್ ಸಾಬಿ ಎದುರಾದ. ಹಸಿರು ಪೇಟ, ನವಿಲುಗರಿಯ ಕಟ್ಟು, ಲೋಬಾನದ ಮಡಕೆ. ಗುರುವಾರ ಗುರುವಾರ ಇವರ ಊರಿಗೆ ಬರುವ ಫಕೀರ. ಮೂವತ್ತು ವರ್ಷದಿಂದ ಗಂಗರತ್ನಮ್ಮ ಅವನ ಜೋಳಿಗೆಗೆ ರಾಗಿ ಹಾಕುತ್ತಿದ್ದಳು. ಅವಳ ಕೈಯಲ್ಲಿನ ಚೊಂಬನ್ನು ನೋಡಿ ಅವನು ಬೀದಿಯ ಮಧ್ಯದಲ್ಲೇ ನಿಂತುಬಿಟ್ಟ.

"ಏನಮ್ಮಾ, ನಮ್ ಲೈನಿಗೇ ಬಂದ್ಬುಟ್ರಾ?"

"ಮಗಳಿಗೋಸ್ಕರ ಹರಕೆ, ಸಾಬ್ರೇ."

ಮಸ್ತಾನ್ ಸಾಬಿಯ ನಗು ನಿಂತಿತು. ಅವನು ಜೋಳಿಗೆಗೆ ಕೈ ಹಾಕಿ ಒಂದು ಹಿಡಿ ಅಕ್ಕಿ ತೆಗೆದ. "ನಮ್ಗೂ ಬೇಡಿದ್ದೇ ಸಿಕ್ಕಿರೋದು. ತಗೋಬೋದಾ ನಿಮ್ ದೇವ್ರು?"

ಯಾವ ಮತ ಎಂದು ಕೇಳಬಾರದು ಎಂದು ಕಟ್ಟಳೆ; ಗುರುತಿನವನಾದರೂ ಅವನು ಕೊಡುತ್ತಿರುವುದು ಗುರುತಿಲ್ಲದವರಿಂದ ಬೇಡಿದ್ದು. ಗಂಗರತ್ನಮ್ಮ ಚೊಂಬು ಒಡ್ಡಿದಳು. ಆಮೇಲೆ ಅವನು ಬಿಸಿಲಿನಲ್ಲಿ ಬರಿಗಾಲಲ್ಲಿ ಹೇಗೆ ನಡೆಯಬೇಕು, ಟಾರಿನ ಅಂಚಿನ ಮಣ್ಣು ಹಿಡಿದು ಹೇಗೆ ಹೋಗಬೇಕು ಎಂದು ಕಸುಬು ಕಲಿಸುವವನಂತೆ ಹೇಳಿಕೊಟ್ಟ.

ಇಪ್ಪತ್ತೊಂದು ಮನೆ ತುಂಬುವಾಗ ಮಧ್ಯಾಹ್ನ ಎರಡು ಗಂಟೆ. ಕೊನೆಯ ಮನೆಯವರು ಯಾವೂರು, ಯಾರ ಮನೆ ಎಂದು ಕೇಳಿದಾಗ ಹೇಳಿದಳು; ಅದು ಸುಧಾಕರ್ ಹಾಲು ಹಾಕುವ ಹೋಟೆಲಿನ ಮಾಲೀಕನ ಮನೆಯೇ ಎಂದು ಅವಳಿಗೆ ತಿಳಿದಿರಲಿಲ್ಲ.

ಮಾರನೆಯ ದಿನ ಹೋಟೆಲಿನ ಮಾಲೀಕ ಸುಧಾಕರನನ್ನು ಪಕ್ಕಕ್ಕೆ ಕರೆದು, ಕಷ್ಟವಿದ್ದರೆ ನನಗೆ ಹೇಳಬಾರದಾ, ತಾಯಿಯನ್ನು ಬೀದಿಗೆ ಕಳಿಸುವುದಾ ಎಂದು ಕೇಳಿದ. ಮನೆಗೆ ಬಂದವನೇ ಅವನು ಕ್ಯಾನುಗಳನ್ನು ಅಂಗಳದಲ್ಲಿ ಕುಕ್ಕಿದ. ರಾಧ ಮುದ್ದೆ ಬಡಿಸಿ ಹುರುಳಿಕಾಳಿನ ಬಸ್ಸಾರು ಬಿಟ್ಟಳು. ಅವನು ಮುರಿಯಲಿಲ್ಲ.

"ಏನ್ಲಾ, ಉಣ್ಣಲ್ವಾ?" ಎಂದ ಸೀನಪ್ಪ.

"ಅಮ್ಮ ಬೇಡ್ಕಂಡು ಬಂದವ್ಳಲ್ಲ, ಅದ್ನೇ ಉಣ್ಣಾನ."

"ದೇವರ ಹೆಸರಲ್ಲಿ ಬೇಡಿದ್ರೆ ತಪ್ಪೇನ್ಲಾ? ನಿಮ್ ತಾತ ಸಾಯಾಗಂಟ ಬೇಡಿದ."

"ತಾತನ್ನ ನೋಡಿದ್ರೆ ಜನ ಕಾಲಿಗೆ ಬೀಳ್ತಿದ್ರು. ಅಮ್ಮನ್ನ ನೋಡಿ ನನ್ನ ಕೇಳ್ತಾವ್ರೆ, ಮನೇಲಿ ಅನ್ನ ಇಲ್ವಾ ಅಂತ."

ಗಂಗರತ್ನಮ್ಮ ಬಾಗಿಲ ಬಳಿ ಕಾಲು ಚಾಚಿ ಕೂತು ಮೊಣಕಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮೊದಲೇ ನೋವಿದ್ದ ಮಂಡಿ ಈಗ ಸೋರೆಕಾಯಿಯಂತೆ ಊದಿತ್ತು. ಅಂಗಾಲಿನಲ್ಲಿ ಬೊಬ್ಬೆ ಎದ್ದಿದ್ದವು. ಅವಳು ತಲೆ ಎತ್ತದೆ ಹೇಳಿದಳು.

"ನಿನ್ ಮರ್ವಾದೆ ಓದ್ರೆ ತಿರ್ಗಾ ಬತ್ತದೆ ಕಣಪ್ಪ. ಆ ಮಗಾ ಓದ್ರೆ ಬರಾಕಿಲ್ಲ."

ಸುಧಾಕರ್ ಎದ್ದು ಹೋದ. ತಟ್ಟೆಯ ಮುದ್ದೆ ಎಮ್ಮೆಯ ಕಲಗಚ್ಚಿಗೆ ಬಿತ್ತು.

ಇದನ್ನೆಲ್ಲ ಶ್ಯಾಮಲ ಮಂಚದ ಮೇಲಿಂದ ಕೇಳಿದಳು. ಮಂಗಳವಾರ ಕೋಲಾರಕ್ಕೆ ಅವಳ ಜೊತೆ ಹೋಗುವ ಸರದಿ ಸುಧಾಕರನದು. ನಾಲ್ಕು ಗಂಟೆ ಹೊತ್ತು ಅವಳ ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿ ರಕ್ತವನ್ನು ಯಂತ್ರಕ್ಕೆ ಹಾಯಿಸಿದ್ದರು. ಅವನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಅಮ್ಮನ ಮಂಡಿಯನ್ನು ನೋಡಿದೆಯಾ ಎಂದು ಅವಳು ಕೇಳಿದಳು. ನೋಡಿದೆ ಎಂದ. ಇನ್ನೂ ಮೂರು ಶನಿವಾರ ಹೀಗೆ ನಡೆದರೆ ನನಗಿಂತ ಮೊದಲು ಅವಳು ಮಲಗುತ್ತಾಳೆ ಎಂದಳು. ಬೇಡವೆಂದರೆ ಅಮ್ಮ ಕೇಳುವವಳಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಅಣ್ಣ, ಒಂದ್ ಕೆಲ್ಸ ಮಾಡು. ಲೈನ್ ಮನೆಯವ್ರೆಲ್ಲ ನಿನ್ ಹಾಲು ತಗಳೋರೇ ಅಲ್ವಾ? ಅಮ್ಮನ್ನ ಅವ್ರು ಕಂಡಿಲ್ಲ. ಸಾಲಾಗಿ ಇಪ್ಪತ್ತೊಂದು ಮನೆ. ನಾವೇ ಅಕ್ಕಿ ಕೊಟ್ಟಿರಾನ. ಅಮ್ಮ ಬಂದ್ರೆ ಕಾಯಿಸ್ದೆ, ಬೈದೆ ಹಿಡಿ ಹಾಕ್ಲಿ. ಅರ್ಧ ಗಂಟೆಗೆ ಮುಗೀತದೆ."

"ಮನೆ ಅಕ್ಕಿ ಸೇರ್ಬಾರ್ದು ಅಂತಾಳಲ್ಲ."

"ಅವ್ಳಿಗೆ ಗೊತ್ತಾಗಲ್ಲ. ಚೊಂಬೊಳಗೆ ನೋಡಂಗಿಲ್ಲ ಅಂತ ಅವಳೇ ಏಳ್ತಾಳೆ."

ಸುಧಾಕರ್ ಯಂತ್ರದೊಳಗೆ ತಿರುಗುವ ರಕ್ತವನ್ನು ನೋಡುತ್ತ ಕೂತ. ಬೀದಿಯಲ್ಲಿ ತಾಯಿ ಬೇಡುವುದು ತಪ್ಪುತ್ತದೆ ಎಂದು ಅವನಿಗೂ ಒಳಗೊಳಗೆ ಸಮಾಧಾನವಾಯಿತು. ಆ ಸಮಾಧಾನ ಅವನನ್ನು ಆಮೇಲೆ ಬಿಡದೆ ಕಾಡಿತು.

"ನಾನು ಏಳ್ದೆ ಅಂತ ಅಮ್ಮಂಗೆ ತಿಳೀಬಾರ್ದು," ಎಂದಳು ಶ್ಯಾಮಲ. "ನಂಗೆ ಬದುಕೋ ಆಸೆ ಇಲ್ಲ, ಅದಕ್ಕೇ ಹರಕೆ ಕೆಡಿಸ್ದೆ ಅಂದ್ಕತ್ತಾಳೆ. ನನ್ ತಲೆ ಮೇಲೆ ಕೈ ಇಟ್ಟು ಏಳು."

ಅವನು ಅವಳ ತಲೆಯ ಮೇಲೆ ಕೈ ಇಟ್ಟ.

ಮುಂದಿನ ಎರಡು ದಿನ, ತಾಯಿ ಹತ್ತಿರ ಇಲ್ಲದಾಗಲೆಲ್ಲ ಶ್ಯಾಮಲ ರವಿಕೆಯ ತುಂಡುಬಟ್ಟೆಗಳನ್ನು ಹೊರತೆಗೆದು ಸಣ್ಣ ಚೀಲಗಳನ್ನು ಹೊಲಿದಳು. ಮಿಷನ್ ತುಳಿಯಲು ಕಾಲಿನಲ್ಲಿ ಶಕ್ತಿಯಿರಲಿಲ್ಲ. ಮಲಗಿದಲ್ಲೇ ಕೈಯಲ್ಲಿ ಹೊಲಿದಳು. ಪ್ಲಾಸ್ಟಿಕ್ ಕವರು ಸಾಕು ಎಂದ ರಾಧಳಿಗೆ, ದೇವರ ಅಕ್ಕಿಯನ್ನು ಕವರಿನಲ್ಲಿ ಕೊಡುವುದಾ ಅತ್ತಿಗೆ ಎಂದಳು. ಮೂರು ವಾರಕ್ಕೆ ಆಗುವಷ್ಟು ಅಕ್ಕಿಯನ್ನು ರಾಧ ಒಂದೊಂದು ಚೀಲಕ್ಕೂ ತುಂಬಿದಳು. ಅಂಗಡಿಯಿಂದ ಬೇರೆ ಅಕ್ಕಿ ತರಬೇಕೆಂದು ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ಮನೆಯ ಗುಡಾಣದಲ್ಲಿ ತಾವು ಬೆಳೆದ ಗುಂಡಕ್ಕಿ ಇತ್ತು. ಹುಳ ಬೀಳದಂತೆ ಗಂಗರತ್ನಮ್ಮ ಅದಕ್ಕೆ ಒಣ ಬೇವಿನೆಲೆ ಬೆರೆಸಿ ಇಟ್ಟಿದ್ದಳು.

ಶುಕ್ರವಾರ ಬೆಳಗ್ಗೆ ಹಾಲಿನ ಜೊತೆ ಸುಧಾಕರ್ ಚೀಲಗಳನ್ನು ಹಂಚಿದ. ತಂಗಿಯ ಆರೋಗ್ಯ, ತಾಯಿಯ ಕಾಲು ಎಂದು ಹೇಳಿದಾಗ ಎಲ್ಲರೂ ಒಪ್ಪಿದರು. ಗಣಿ ಮುಚ್ಚಿದಂದಿನಿಂದ ಆ ಲೈನಿನ ಜನ ಒಬ್ಬರ ಕಷ್ಟ ಒಬ್ಬರು ಕೇಳುವುದಕ್ಕೆ ಒಗ್ಗಿದ್ದರು. ಕೊನೆಯ ಮನೆಯ ಅಂತೋಣಿಯಮ್ಮ ಮಾತ್ರ ಚೀಲವನ್ನು ಕೈಯಲ್ಲಿ ಹಿಡಿದು ನೋಡಿದಳು. ಗಂಡ ಗಣಿಯ ದೂಳಿನಲ್ಲಿ ಎದೆ ಕೆಟ್ಟು ಸತ್ತವನು. ವರ್ಷವೂ ವೇಳಾಂಗಣ್ಣಿ ಮಾತೆಯ ಹಬ್ಬಕ್ಕೆ ಕಾವಿ ಉಟ್ಟು ಹೋಗುವ ಹೆಂಗಸು. ಹೋಗುವ ಮೊದಲು ಹತ್ತು ಮನೆ ಬೇಡಿ, ಆ ಹಣದಲ್ಲೇ ಮೇಣದಬತ್ತಿ ಕೊಳ್ಳುತ್ತಿದ್ದಳು.

"ತಂಬಿ, ಇದು ಸರಿ ಇಲ್ಲಪ್ಪ," ಎಂದಳು. "ನಾನೂ ಮಾತಾವ್‌ಗೆ ಬೇಡ್ತೀನಿ. ನಮ್ದೇ ಕಾಸು ನಮ್ ಕೈಗೆ ಬಂದ್ರೆ ಅದು ಬೇಡಿದ್ದಾ?"

"ಅಮ್ಮನ ಕಾಲು ನೋಡಿದ್ರೆ ನೀವು ಹಿಂಗನ್ನಲ್ಲ."

ಅವಳು ಚೀಲವನ್ನು ಗೂಡಿನಲ್ಲಿಟ್ಟಳು.

ಆ ಕಡೆ ಲೈನ್ ಮನೆಗಳು ಹತ್ತಿರ ಹತ್ತಿರ ಇವೆ, ಬಿಸಿಲಿಲ್ಲ, ಅಲ್ಲಿಗೆ ಹೋಗು ಎಂದು ಸುಧಾಕರ್ ಹೇಳಿದಾಗ ಮಗ ಕೊನೆಗೂ ದಾರಿಗೆ ಬಂದ ಎಂದು ಗಂಗರತ್ನಮ್ಮನಿಗೆ ಹಿಗ್ಗಾಯಿತು. ಎರಡನೆಯ ಶನಿವಾರ ಅವಳು ಹನ್ನೊಂದು ಗಂಟೆಗೇ ಮನೆಗೆ ಬಂದಳು. ಯಾವ ಮನೆಯಲ್ಲೂ ಮುಂದೆ ಹೋಗು ಎನ್ನಲಿಲ್ಲ. ಬಾಗಿಲಲ್ಲೇ ಕಾದಿದ್ದವರಂತೆ ಬಂದು ಹಾಕಿದರು. ಇದು ದೇವರೇ ಮುಂದೆ ನಡೆದು ಬಾಗಿಲು ತಟ್ಟಿದ್ದು ಎಂದು ಅವಳು ಸೀನಪ್ಪನಿಗೆ ಹೇಳಿದಳು. ಅಕ್ಕಿಯನ್ನು ಕತ್ತಲೆಯ ದೇವರ ಕೋಣೆಯಲ್ಲಿ ಮುಖ ತಿರುಗಿಸಿಕೊಂಡು ಬಟ್ಟೆಗೆ ಸುರಿದು ಗಂಟು ಹಾಕಿದಳು.

ಆ ವಾರ ಶ್ಯಾಮಲ ಚೆನ್ನಾಗಿದ್ದಳು. ಅರ್ಧ ಮುದ್ದೆ ತಿಂದಳು. ಅಂಗಳದಲ್ಲಿ ಕೂತು ರಾಧಳಿಗೆ ಬೀನ್ಸ್ ಸೋಸಿಕೊಟ್ಟಳು. ಊತವೂ ಇಳಿದಂತೆ ಕಂಡಿತು. ಗಂಗರತ್ನಮ್ಮ ಮಗಳ ಕಾಲನ್ನು ಒತ್ತಿ ನೋಡಿ, ಗುಳಿ ಬೀಳಲಿಲ್ಲವೆಂದು ಮನೆಯವರನ್ನೆಲ್ಲ ಕರೆದು ತೋರಿಸಿದಳು. ಸುಧಾಕರನೂ ಬಂದು ನೋಡಿದ. ಯಾರಿಗೆ ಗೊತ್ತು, ದೇವರು ಇದನ್ನೂ ಒಪ್ಪಿಕೊಂಡನೇನೋ ಎಂದು ಅವನಿಗೆ ಅನ್ನಿಸಿತು.

ಮೂರನೆಯ ಶನಿವಾರವೂ ಹಾಗೆಯೇ ಕಳೆಯಿತು. ಮರುದಿನ ಭಾನುವಾರ ಶ್ಯಾಮಲಳಿಗೆ ಉಸಿರು ಸಿಕ್ಕಿಕೊಳ್ಳತೊಡಗಿತು. ಸೋಮವಾರ ಆಸ್ಪತ್ರೆಗೆ ಸೇರಿಸಿದರು. ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ, ಸೀನಪ್ಪ ಕೆಳಗೆ ಇಡ್ಲಿ ತರಲು ಹೋಗಿದ್ದಾಗ ಅವಳು ತೀರಿಕೊಂಡಳು. ಕೊನೆಗೆ ಅವಳು ಕೇಳಿದ್ದು ನೀರು. ಎರಡು ಗುಟುಕು ಕೊಡಬಹುದೇ ಎಂದು ಗಂಗರತ್ನಮ್ಮ ನರ್ಸನ್ನು ಕೇಳಲು ಹೋಗಿ ಬರುವಷ್ಟರಲ್ಲಿ ಮುಗಿದಿತ್ತು. ಆ ಎರಡು ಗುಟುಕನ್ನು ಕೇಳದೆ ಕೊಟ್ಟುಬಿಡಬೇಕಾಗಿತ್ತು ಎಂದು ಅವಳು ಎಷ್ಟೋ ದಿನ ಹೇಳುತ್ತಿದ್ದಳು.

ನಾಲ್ಕನೆಯ ಶನಿವಾರ ಮನೆಯಲ್ಲಿ ಸೂತಕ. ಬೇಡುವಂತಿಲ್ಲ, ದೇವರ ದೀಪ ಹಚ್ಚುವಂತಿಲ್ಲ. ಮೂರು ಹಳದಿ ಗಂಟುಗಳು ಪಟದ ಕೆಳಗೆ ಇದ್ದಲ್ಲೇ ಇದ್ದವು.

ಗುರುವಾರ ಮಸ್ತಾನ್ ಸಾಬಿ ಬಂದ. ಬಾಗಿಲಲ್ಲಿ ನಿಂತು ನವಿಲುಗರಿಯನ್ನು ಒಂದು ಸಲ ಹೊಸಲಿನ ಮೇಲೆ ಆಡಿಸಿದ. ಕೂಗಲಿಲ್ಲ. ಗಂಗರತ್ನಮ್ಮ ಅಭ್ಯಾಸದಂತೆ ರಾಗಿಗೆಂದು ಎದ್ದಾಗ ಬೇಡ ಎಂದು ಕೈ ಅಡ್ಡ ಮಾಡಿದ.

"ಸಾವಾದ ಮನೇಲಿ ಕೈ ಚಾಚ್ಬಾರ್ದಮ್ಮ. ನಮ್ ಗುರು ಏಳವ್ರೆ."

"ನೀವು ಕೊಟ್ಟಿದ್ದು ಒಳಗೇ ಐತೆ, ಸಾಬ್ರೇ. ಅದ್ನೇನು ಮಾಡ್ಲಿ?"

ಅವನು ಲೋಬಾನದ ಹೊಗೆಯನ್ನು ಬಾಗಿಲಿಗೊಮ್ಮೆ ಹಿಡಿದು ಹೋದ.

ಹನ್ನೊಂದು ಕಳೆದು ಮನೆ ತೊಳೆದ ದಿನ ದೇವರ ಕೋಣೆಯ ಗೋಡೆಗೆ ಥಂಡಿ ಹಿಡಿದಿರುವುದು ಕಾಣಿಸಿತು. ಅಕ್ಕಿ ಮುಗ್ಗಲಾದರೆ ಪಾಪವೆಂದು ಗಂಗರತ್ನಮ್ಮ ಮೂರು ಗಂಟನ್ನೂ ಹೊರಗೆ ತಂದು ಮೂರು ಮೊರಗಳಲ್ಲಿ ಬಿಚ್ಚಿ ಬಿಸಿಲಿಗಿಟ್ಟಳು.

ಮೊದಲನೆಯ ಮೊರದಲ್ಲಿ ನಾನಾ ತರಹದ ಅಕ್ಕಿ. ರೇಷನ್ನಿನ ದಪ್ಪಕ್ಕಿ, ಸಣ್ಣಕ್ಕಿ, ತಮಿಳರ ಮನೆಯ ಕುಸುಬಲಕ್ಕಿ, ನುಚ್ಚು, ಯಾರೋ ಅವಸರದಲ್ಲಿ ಹಾಕಿದ ಉದ್ದಿನ ಬೇಳೆಯ ನಾಲ್ಕು ಕಾಳು. ಎರಡನೆಯದೂ ಮೂರನೆಯದೂ ಹೆಚ್ಚುಕಡಮೆ ಎಲ್ಲ ಒಂದೇ ಬಣ್ಣ, ಒಂದೇ ಗುಂಡಗಿನ ಕಾಳು. ನಡುವೆ ಅಲ್ಲೊಂದು ಇಲ್ಲೊಂದು ಬೇವಿನೆಲೆಯ ಚೂರು.

ಅವಳು ಎದ್ದು ಅಡಿಗೆಮನೆಗೆ ಹೋದಳು. ಗುಡಾಣದ ಮುಚ್ಚಳ ತೆಗೆದು ಒಂದು ಹಿಡಿ ತಂದಳು. ಮೊರದ ಪಕ್ಕದಲ್ಲಿ ಹಿಡಿದು ನೋಡಿದಳು. ಒಳಗಿನಿಂದ ರಾಧ ಇದನ್ನು ಕಂಡು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

ಸುಧಾಕರ್ ಹಾಲು ಹಾಕಿ ಬಂದಾಗ ತಾಯಿ ಇನ್ನೂ ಮೊರಗಳ ಮುಂದೆ ಕೂತಿದ್ದಳು.

"ಬಾರಪ್ಪ. ಇದ್ಯಾವ ಅಕ್ಕಿ?"

ಅವನು ನೋಡಿದ.

"ನಮ್ದೇ, ಅಮ್ಮ."

"ಎಷ್ಟು ಮನೇಗೆ ಕೊಟ್ಟಿದ್ದೆ?"

"ಎಲ್ಲಾರ್ಗೂ. ನಿನ್ ಕಾಲು ನೋಡಾಕಾಗ್ಲಿಲ್ಲ."

"ನನ್ ಕಾಲು." ಗಂಗರತ್ನಮ್ಮ ಅದೇ ಮಾತನ್ನು ಮೆಲ್ಲಗೆ ಇನ್ನೊಂದು ಸಲ ಹೇಳಿದಳು. "ನನ್ ಕಾಲಲ್ಲ ಕಣ್ಲಾ. ಹೋಟ್ಲೋನು ಏನಂದಾನು ಅಂತ. ನಿನ್ ಮರ್ವಾದೆಗೆ ಒಡಹುಟ್ಟಿದೋಳ್ನ ಕೊಟ್ಬುಟ್ಟೆ."

ರಾಧ ಬಾಗಿಲಿಗೆ ಬಂದಿದ್ದಳು. "ಅತ್ತೆ, ಅದು ಅವ್ರೊಬ್ರೇ—" ಎಂದಳು. ಸುಧಾಕರ್ ಅವಳ ಕಡೆ ತಿರುಗಿ ನೋಡಿದ. ಅವಳು ಅಲ್ಲಿಗೇ ನಿಲ್ಲಿಸಿದಳು.

ಸೀನಪ್ಪ ಹೆಂಡತಿಗೆ ಸಮಾಧಾನ ಹೇಳಲು ನೋಡಿದ. ಡಾಕ್ಟರು ಮೊದಲೇ ಹೇಳಿದ್ದರು, ಅಕ್ಕಿಯಿಂದ ಆದದ್ದಲ್ಲ ಎಂದ. ಹಾಗಾದರೆ ನಿಮ್ಮಪ್ಪ ಹೇಳಿದ್ದೆಲ್ಲ ಸುಳ್ಳೋ ಎಂದು ಅವಳು ಕೇಳಿದಳು. ಅವನು ಗೂಟದ ಶಂಖವನ್ನು ನೋಡಿ ಕೊಟ್ಟಿಗೆಯ ಕಡೆ ಹೋದ.

ಎರಡನೆಯ ಮೊರದ ಅಂಚಿನಲ್ಲಿ ಒಂದಿಷ್ಟು ಹಳದಿ ಛಾಯೆಯ ಕುಸುಬಲಕ್ಕಿ ಇತ್ತು. ಮೂರನೆಯದರಲ್ಲೂ ಅಷ್ಟೇ. ಗಂಗರತ್ನಮ್ಮ ಕತ್ತಲಾಗುವ ತನಕ ಆ ಕಾಳುಗಳನ್ನು ಒಂದೊಂದಾಗಿ ಆರಿಸಿ ಮೊದಲನೆಯ ಗಂಟಿಗೆ ಸೇರಿಸಿದಳು. ಅದೊಂದೇ ನಿಜವಾಗಿ ಬೇಡಿದ್ದು. ಉಳಿದದ್ದನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ಕಟ್ಟಿಟ್ಟಳು. ಉಣ್ಣುವಂತಿಲ್ಲ, ದೇವರಿಗೆ ಇಡುವಂತಿಲ್ಲ, ದಾನ ಕೊಡಲು ಮನಸ್ಸು ಒಪ್ಪದು.

ಅಂದಿನಿಂದ ಅವಳು ಮಗನೊಡನೆ ಮಾತು ಬಿಟ್ಟಳು. ಸುಧಾಕರ್ ಉಣ್ಣಲು ಬಂದರೆ ಅವಳು ಕೊಟ್ಟಿಗೆಗೆ ಹೋಗುತ್ತಿದ್ದಳು. ಏನಾದರೂ ಹೇಳಬೇಕಾದರೆ ಹಸುವಿಗೆ ಹೇಳುವಂತೆ ಹೇಳುತ್ತಿದ್ದಳು. ಹಿಂಡಿ ಮುಗಿಯಿತು, ಯಾರಾದರೂ ತಂದರೆ ಉಂಟು, ಎಂದು. ಸುಧಾಕರ್ ತರುತ್ತಿದ್ದ.

ರಾಧ ಒಂದು ದಿನ ಹಾಲು ಸೋಸುತ್ತ, ನಾನು ಹೇಳಿಬಿಡುತ್ತೇನೆ, ನನ್ನಿಂದ ನೋಡಲಾಗದು ಎಂದಳು.

"ಬ್ಯಾಡ ಕಣೇ. ನಾನು ಎದುರಿಗಿದ್ದೀನಿ, ಬೈದು ಸಿಟ್ಟು ತೀರುಸ್ಕತ್ತಾಳೆ. ಸತ್ತೋಳ ಮೇಲೆ ಸಿಟ್ಟು ಬಂದ್ರೆ ಎಲ್ಲಿಗೋಗಿ ತೀರುಸ್ಕಂಡಾಳು?"

"ನೀವು ಎಷ್ಟು ದಿನ ಹೊತ್ಕತ್ತೀರಾ?"

ಅವನು ಕ್ಯಾನಿನ ಮುಚ್ಚಳ ಒತ್ತಿ ಬೈಕಿಗೆ ಕಟ್ಟಿದ.

ಕೆ.ಜಿ.ಎಫ್.ನ ತಮಿಳರು ಪುರಟಾಸಿಯೆಂಬ ತಿಂಗಳಿನ ಶನಿವಾರಗಳಲ್ಲಿ ತಿಮ್ಮಪ್ಪನ ಹೆಸರಿನಲ್ಲಿ ಬೇಡುತ್ತಾರೆ. ಶ್ರಾವಣ ಕಳೆದ ಎರಡು ಮೂರು ವಾರಕ್ಕೆ ಅದು ಬರುತ್ತದೆ. ಅದರ ಮೊದಲನೆಯ ಶನಿವಾರ ಗಂಗರತ್ನಮ್ಮ ಮತ್ತೆ ಹಳದಿ ಸೀರೆ ಉಟ್ಟಳು. ಸೀನಪ್ಪ ಗಾಬರಿಯಾಗಿ, ಇನ್ನು ಯಾರಿಗೋಸ್ಕರ ಎಂದು ಕೇಳಿದ. ಆ ಇಪ್ಪತ್ತೊಂದು ಮನೆಯಲ್ಲೇ ತಪ್ಪಿದ್ದು, ಮತ್ತೆ ಮೊದಲಿಂದ ನಾಲ್ಕು ಶನಿವಾರವೂ ಅಲ್ಲೇ ನಿಂತು ಬೇಡಿ ಬರಬೇಕು, ಮಾತು ಕೊಟ್ಟಾಗಿದೆ ಎಂದಳು. ಈ ಸಲ ಅವನು ಶಂಖ ಇಳಿಸಲಿಲ್ಲ.

ಲೈನ್ ಮನೆಗಳವರು ಅವಳನ್ನು ಕಂಡು ಮುಖ ತಗ್ಗಿಸಿದರು. ಹಾಲಿನವನ ತಂಗಿ ಹೋದದ್ದು ಎಲ್ಲರಿಗೂ ತಿಳಿದಿತ್ತು. ಈ ಸಲ ತಂತಮ್ಮ ಡಬ್ಬಿಗಳಿಂದ ತಂದು ಹಾಕಿದರು. ಇಪ್ಪತ್ತು ಮನೆ ಮುಗಿದವು.

ಕೊನೆಯದು ಅಂತೋಣಿಯಮ್ಮನ ಮನೆ. ಅವಳು ವೇಳಾಂಗಣ್ಣಿಯಿಂದ ಬಂದು ಹತ್ತು ದಿನವಾಗಿತ್ತು. ತಲೆ ಬೋಳಿಸಿಕೊಂಡಿದ್ದಳು. ಒಂದು ಹಿಡಿ ಕುಸುಬಲಕ್ಕಿ ಚೊಂಬಿಗೆ ಹಾಕಿದಳು. ಆ ಅಕ್ಕಿಯ ಬಣ್ಣ ಕಂಡು ಗಂಗರತ್ನಮ್ಮ ತಲೆಯೆತ್ತಿದಳು.

"ನೀವೇನಾ ಆವತ್ತೂ ನಿಮ್ದೇ ಹಾಕಿದ್ದು?"

"ಹೌದಕ್ಕಾ. ನಿಮ್ದು ಇಲ್ಲೇ ಇದೆ. ನಾನು ಮುಟ್ಟಿಲ್ಲ." ಅಂತೋಣಿಯಮ್ಮ ಗೂಡಿನಿಂದ ಚೀಲ ತೆಗೆದು ಕೊಟ್ಟಳು. "ತಂಬಿ ಮೇಲೆ ಕೋಪ ಮಾಡ್ಕೋಬೇಡಿ. ಇಲ್ಲಿ ನಿಂತ್ಕೊಂಡು ಅತ್ಬಿಟ್ಟ ಪಾಪ."

ಅಂಗೈ ಅಗಲದ ಚೀಲ. ಅರ್ಧ ಹಸಿರು ರವಿಕೆಯ ತುಂಡು, ಅರ್ಧ ಕೆಂಪು. ಅಂಚು ಮಡಚಿ ಕೈಯಲ್ಲಿ ಹಾಕಿದ ಹೊಲಿಗೆ. ಎರಡು ಒತ್ತು ಹೊಲಿಗೆ, ಒಂದು ತೆರಪು, ಮತ್ತೆ ಎರಡು ಒತ್ತು. ಆ ಹೊಲಿಗೆಯನ್ನು ಏಳು ವರ್ಷದ ಶ್ಯಾಮಲಳ ಬೆರಳು ಹಿಡಿದು ಕಲಿಸಿದವಳು ಗಂಗರತ್ನಮ್ಮನೇ. ಕೊನೆಕೊನೆಗೆ ಹೊಲಿಗೆ ಸೊಟ್ಟಗಾಗಿತ್ತು. ಒಂದು ಕಡೆ ಬಟ್ಟೆಯ ಮೇಲೆ ಸಣ್ಣ ಕಂದು ಕಲೆ.

ಕೂತುಕೊಳ್ಳಿ, ನೀರು ಕೊಡಲೇ ಎಂದು ಅಂತೋಣಿಯಮ್ಮ ಕೇಳಿದಳು. ಗಂಗರತ್ನಮ್ಮನಿಗೆ ಕೇಳಿಸಲಿಲ್ಲ.

ಮನೆಗೆ ಬಂದಾಗ ಸುಧಾಕರ್ ಅಂಗಳದಲ್ಲಿ ಕ್ಯಾನು ತೊಳೆಯುತ್ತಿದ್ದ. ತಾಯಿಯನ್ನು ಕಂಡು ಎದ್ದು ದಾರಿ ಬಿಟ್ಟು ನಿಂತ. ಅವಳು ಒಳಗೆ ಹೋಗಲಿಲ್ಲ. ಚೊಂಬನ್ನು ಜಗುಲಿಯ ಮೇಲಿಟ್ಟು, ಮಡಿಲ ಗಂಟಿನಿಂದ ಚೀಲವನ್ನು ತೆಗೆದಳು. ಅವನ ಕೈಯಿಂದ ತೆಂಗಿನ ನಾರು ಜಾರಿ ನೀರಿಗೆ ಬಿತ್ತು.

ಮೂರು ವಾರದ ಮೇಲೆ ಮೊದಲ ಸಲ ಅವಳು ಅವನನ್ನು ನೋಡಿ ಮಾತಾಡಿದಳು.

"ಎಷ್ಟು ಹೊಲಿದ್ಲು?"

ಅವನು ನೀರಿನಿಂದ ನಾರನ್ನು ಎತ್ತಿಕೊಂಡ.

"ಇಪ್ಪತ್ತೊಂದು."

"ಸೂಜಿ ಚುಚ್ಚಿದ ಕೈಯಾಗೇನಾ?"

"ಹೂಂ."

ಗಂಗರತ್ನಮ್ಮ ಜಗುಲಿಯ ಮೇಲೆ ಕೂತಳು. ಬಾಗಿಲಿಗೆ ಬಂದ ರಾಧ ಅಲ್ಲೇ ನಿಂತಳು. ಸೀನಪ್ಪ ಕೊಟ್ಟಿಗೆಯಿಂದ ಬಂದು ಹೆಂಡತಿಯ ಕೈಯಲ್ಲಿದ್ದುದನ್ನು ನೋಡಿದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅವಳ ಮಂಡಿ ಮತ್ತೆ ಊದಿತ್ತು. ಸುಧಾಕರ್ ಹರಳೆಣ್ಣೆಯ ಬಟ್ಟಲು ತಂದು ಕೆಳಗೆ ಕೂತು ಅವಳ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ಅವನ ತಲೆ ಮುಟ್ಟಲೂ ಇಲ್ಲ. ಚೀಲದ ಬಾಯಿಯ ದಾರವನ್ನು ಬಿಚ್ಚಲು ಹೋಗಿ ಹಾಗೇ ಬಿಟ್ಟಳು.

"ಇನ್ನು ಮೂರು ಶನಿವಾರ ಐತೆ," ಎಂದಳು.